ಎಚ್‌ಆರ್‌ನಲ್ಲಿ ಆರು ವರ್ಷ ಆಯ್ತು. ಲೀಡರ್‌ಶಿಪ್ ತರಬೇತಿ ಕಡೆ ಹೋಗಿ, ಮುಂದೆ ಎಂಬಿಎ ಕಾಲೇಜಿನಲ್ಲಿ ಪಾಠ ಮಾಡಬಹುದಾ?

ಮಾಡಬಹುದು. ಆದರೆ ಎರಡಕ್ಕೂ ಬೇಕಾಗುವ ತಯಾರಿ ಬೇರೆ ಬೇರೆ.

ಕಂಪನಿ ಕಡೆ ಡಿಗ್ರಿಗಿಂತ ಜನರನ್ನು ಗಮನಿಸುವ ಕಣ್ಣು ಮುಖ್ಯ. ಮೊನ್ನೆವರೆಗೆ ಕೋಡ್ ಬರೆಯುತ್ತಿದ್ದ ಹುಡುಗ ಟೀಮ್ ಲೀಡ್ ಆಗುತ್ತಾನೆ. ಜೊತೆಯಲ್ಲೇ ಟೀ ಕುಡಿಯುತ್ತಿದ್ದ ಗೆಳೆಯನಿಗೆ 'ನಿನ್ನ ಕೆಲಸ ತಡ ಆಗ್ತಿದೆ' ಅನ್ನೋಕೆ ಅವನಿಗೆ ಬಾಯೇ ಬರಲ್ಲ. ತರಬೇತಿಯಲ್ಲಿ ನಾನು ಅವನನ್ನು ಎದುರಿಗೆ ಕೂರಿಸಿ ಆ ಮಾತನ್ನು ಮೂರು ಸಲ ಆಡಿಸುತ್ತೇನೆ. ಮೊದಲ ಸಲ ನಕ್ಕುಬಿಡುತ್ತಾನೆ. ಎರಡನೇ ಸಲ ಬೈದ ಹಾಗೆ ಹೇಳುತ್ತಾನೆ. ಮೂರನೇ ಸಲಕ್ಕೆ ಹದ ಸಿಗುತ್ತದೆ. ಅರ್ಧ ದಿನ ಸುಮ್ನೆ ಸ್ಲೈಡ್ ತೋರಿಸಿದರೆ ಇದು ಬರಲ್ಲ. ಅಮೆರಿಕದ ಜಿಇ (ಜನರಲ್ ಎಲೆಕ್ಟ್ರಿಕ್) ಕಂಪನಿ 1956ರಲ್ಲೇ ನ್ಯೂಯಾರ್ಕ್ ಹತ್ತಿರದ ಕ್ರೊಟನ್‌ವಿಲ್‌ನಲ್ಲಿ ಮ್ಯಾನೇಜರ್‌ಗಳಿಗೆಂದೇ ಒಂದು ಶಾಲೆ ತೆರೆದದ್ದು ಇಂಥ ಕೆಲಸಕ್ಕೇ.

ಪಾಠದ ಕಡೆ ಕಾಗದಪತ್ರ ಜಾಸ್ತಿ. ತಾಂತ್ರಿಕ, ಮ್ಯಾನೇಜ್‌ಮೆಂಟ್ ಕಾಲೇಜುಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಐಸಿಟಿಇಯ ನಿಯಮದಂತೆ ಎಂಬಿಎ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಫಸ್ಟ್ ಕ್ಲಾಸ್ ಎಂಬಿಎ, ಜೊತೆಗೆ ಎರಡು ವರ್ಷದ ಅನುಭವ ಬೇಕು. ಮೇಲಿನ ಹುದ್ದೆಗೆ, ಐಐಎಂಗಳಿಗೆ ಪಿಎಚ್‌ಡಿ ಇಲ್ಲದೆ ಕಷ್ಟ. ಬೆಂಗಳೂರು ಐಐಎಂನಲ್ಲಿ ಎಚ್‌ಆರ್ ವಿಷಯದಲ್ಲೇ ಪಿಎಚ್‌ಡಿ ಮಾಡಬಹುದು. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ 2022ರಲ್ಲಿ 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಅಂತ ಇನ್ನೊಂದು ದಾರಿ ತೆರೆಯಿತು. ಅದಕ್ಕೆ ಪಿಎಚ್‌ಡಿ ಬೇಡ, ಆದರೆ 15 ವರ್ಷದ ಅನುಭವ ಬೇಕು. ನಿಮಗೆ ಇನ್ನೂ ಒಂಬತ್ತು ವರ್ಷ ಇದೆ ಅಲ್ವಾ?

ಅಷ್ಟರೊಳಗೆ ಹತ್ತಿರದ ಕಾಲೇಜಿನಲ್ಲಿ ಶನಿವಾರ ಒಂದು ಗೆಸ್ಟ್ ಕ್ಲಾಸ್ ಕೇಳಿ ನೋಡಿ. ದುಡ್ಡು ಕಡಿಮೆಯೇ. ಹಿಂದಿನ ಬೆಂಚಿನವರು ಫೋನ್ ಕೆಳಗಿಡುತ್ತಾರಾ ಅನ್ನೋದು ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಗುತ್ತದೆ.