ಅಟ್ಟದಲ್ಲಿ ಸಿಕ್ಕ ಹಳೆಯ ತಮಿಳು ಚಿತ್ರಗೀತೆಗಳ ರೆಕಾರ್ಡುಗಳನ್ನು ಕೇಳುವುದು ಹೇಗೆ? ಯೂಟ್ಯೂಬಿನಲ್ಲಿ ಇಲ್ಲದ್ದು ಅವುಗಳಲ್ಲಿ ಏನಿದೆ?

ಕೆಜಿಎಫ್‌ನಲ್ಲಿ ನಿಮ್ಮ ಸೋದರತ್ತೆಯ ಮನೆಯ ಅಟ್ಟದಿಂದ ಒಂದು ಟ್ರಂಕು ರೆಕಾರ್ಡು ಇಳಿಸಿದ್ದೀರಿ. ಎಲ್ಲ ತಮಿಳು ಸಿನಿಮಾ ಹಾಡುಗಳು. ಕೆಲವು ಕಲ್ಲಿನಂತೆ ಭಾರ, ಕೆಲವು ಊಟದ ತಟ್ಟೆಗಿಂತ ಚಿಕ್ಕವು. ಹಾಡೆಲ್ಲ ಯೂಟ್ಯೂಬಿನಲ್ಲೇ ಇರುವಾಗ ಇವನ್ನು ಕೇಳುವುದರಲ್ಲಿ ಬೇರೆ ಏನಾದರೂ ಇದೆಯೇ, ಇದ್ದರೆ ಯಾವ ಯಂತ್ರದಲ್ಲಿ ಹೇಗೆ ಹಾಕಬೇಕು ಎಂಬುದು ನಿಮ್ಮ ಪ್ರಶ್ನೆ.

ಬೇರೆ ಖಂಡಿತ ಇದೆ. ಆದರೆ ಎಲ್ಲರೂ ಹೇಳುವ ಆ 'ಬೆಚ್ಚನೆಯ ದನಿ'ಯ ಮಾತನ್ನು ಪಕ್ಕಕ್ಕಿಡಿ. ಅದರಲ್ಲಿ ಅರ್ಧ ಭಾಗ ಸವೆದ ಮುಳ್ಳು, ಇನ್ನರ್ಧ ಹಳೇ ನೆನಪು. ನಿಜವಾದ ವ್ಯತ್ಯಾಸ ಮೂಲದ್ದು. ಯೂಟ್ಯೂಬಿನಲ್ಲಿ ಚಿತ್ರದ ದೃಶ್ಯದ ಜೊತೆ ಸಿಗುವ ಹಾಡಿನ ಸದ್ದು ಹೆಚ್ಚಾಗಿ ಸಿನಿಮಾ ಪ್ರಿಂಟಿನ ಅಂಚಿನಲ್ಲಿದ್ದ ಆಪ್ಟಿಕಲ್ ಪಟ್ಟಿಯಿಂದ, ಅಂದರೆ ಬೆಳಕಿನಿಂದ ಓದುವ ಧ್ವನಿಪಟ್ಟಿಯಿಂದ ಬಂದದ್ದು. ಆ ಕಾಲದ ಚಿತ್ರಮಂದಿರದ ಧ್ವನಿವ್ಯವಸ್ಥೆಯಲ್ಲಿ ಹೆಚ್ಚೂಕಡಿಮೆ 8 ಕಿಲೋಹರ್ಟ್ಜ್ ದಾಟಿದ ಮೇಲೆ ಏನೂ ಉಳಿಯುತ್ತಿರಲಿಲ್ಲ. ಗೆಜ್ಜೆ, ತಾಳ, ಪಿಟೀಲಿನ ಬಿಲ್ಲಿನ ಎಳೆತ ಮಂಕಾಗುವುದು ಅಲ್ಲೇ. ರೆಕಾರ್ಡಿಗೆ ಹೋಗಿದ್ದು ಹಾಡಿನ ಧ್ವನಿಮುದ್ರಣದ ಬೇರೆ ಪ್ರತಿ. ಇನ್ನೊಂದು ಸಂಗತಿಯೂ ಇದೆ. ಚಿತ್ರ ಓಡುವುದು ಸೆಕೆಂಡಿಗೆ 24 ಚೌಕಟ್ಟಿನಲ್ಲಿ, ನಮ್ಮ ದೇಶದ ಟಿವಿ ಮತ್ತು ಹಳೆಯ ವಿಡಿಯೋ ಪ್ರತಿಗಳು 25ರಲ್ಲಿ. ಹಾಗಾಗಿ ಅಂಥ ಪ್ರತಿಯಲ್ಲಿ ಹಾಡು ಶೇಕಡಾ 4ರಷ್ಟು ಬೇಗ ಓಡಿ, ಶ್ರುತಿ ಮುಕ್ಕಾಲು ಸ್ವರಸ್ಥಾನದಷ್ಟು ಏರುತ್ತದೆ. 'ರೆಕಾರ್ಡು ನಿಧಾನ ಓಡ್ತಿದೆ' ಎಂದು ಟರ್ನ್‌ಟೇಬಲ್ (ರೆಕಾರ್ಡು ತಿರುಗಿಸುವ ಯಂತ್ರ) ಬಿಚ್ಚಿ ಕೂರುವ ಎಷ್ಟೋ ಜನರಲ್ಲಿ ತಪ್ಪಿರುವುದು ಯಂತ್ರದ್ದಲ್ಲ, ಕಿವಿಗೆ ರೂಢಿಯಾದ ಆ ವಿಡಿಯೋದ್ದು.

ಸಾಹಿತ್ಯವೂ ಬದಲಾಗಿರುವುದುಂಟು. 1966ರ 'ಅನ್ಬೇ ವಾ' ಚಿತ್ರದಲ್ಲಿ ಟಿ.ಎಂ. ಸೌಂದರರಾಜನ್ ಹಾಡಿದ 'ಪುದಿಯ ವಾನಂ ಪುದಿಯ ಭೂಮಿ' ಹಾಡನ್ನೇ ತೆಗೆದುಕೊಳ್ಳಿ. ಕವಿ ವಾಲಿ ಬರೆದದ್ದು 'ಉದಯ ಸೂರಿಯನಿನ್ ಪಾರ್ವೈಯಿಲೇ' ಎಂದು. ಉದಯಸೂರ್ಯ ಡಿಎಂಕೆ ಪಕ್ಷದ ಚಿಹ್ನೆ, ತೆರೆಯ ಮೇಲೆ ಹಾಡುತ್ತಿರುವುದು ಆಗ ಅದೇ ಪಕ್ಷದಲ್ಲಿದ್ದ ಎಂಜಿಆರ್. ಸೆನ್ಸಾರಿನವರು ಬಿಡಲಿಲ್ಲ, ತೆರೆಯ ಮೇಲೆ ಅದು 'ಪುದಿಯ ಸೂರಿಯನಿನ್' ಆಯಿತು. ರೆಕಾರ್ಡಿನಲ್ಲಿ ಉದಯ ಸೂರ್ಯನೇ ಉಳಿದ. ನಿಮ್ಮ ಟ್ರಂಕಿನಲ್ಲಿ ಇದರ ಇಪಿ, ಅಂದರೆ ಆ ಚಿಕ್ಕ ತಟ್ಟೆ ಇದ್ದರೆ ಮೊದಲು ಅದನ್ನೇ ಹಾಕಿ ಕೇಳಿ.

ಇನ್ನು ತಟ್ಟೆಗಳನ್ನು ಬೇರ್ಪಡಿಸುವುದು. ಭಾರದವು 10 ಇಂಚಿನ 78 ಆರ್‌ಪಿಎಂ, ಅಂದರೆ ನಿಮಿಷಕ್ಕೆ 78 ಸುತ್ತಿನ ತಟ್ಟೆಗಳು. ಅವು ವಿನೈಲ್ ಎಂಬ ಪ್ಲಾಸ್ಟಿಕ್ ಅಲ್ಲವೇ ಅಲ್ಲ, ಅರಗು ಮತ್ತು ಕಲ್ಲಿನ ಪುಡಿ ಬೆರೆಸಿ ಒತ್ತಿದವು. ಕೈತಪ್ಪಿದರೆ ಹಂಚಿನಂತೆ ಒಡೆಯುತ್ತವೆ. ಒಂದು ಮಗ್ಗುಲಿಗೆ ಮೂರು, ಮೂರೂವರೆ ನಿಮಿಷದ ಒಂದೇ ಹಾಡು. ಉದ್ದದ ಹಾಡಾದರೆ ಭಾಗ 1, ಭಾಗ 2 ಎಂದು ಎರಡೂ ಮಗ್ಗುಲಿಗೆ ಹಂಚುತ್ತಿದ್ದರು. ಎಂ.ಕೆ. ತ್ಯಾಗರಾಜ ಭಾಗವತರ್ ಅವರ 'ಹರಿದಾಸ್' (1944), ಎಂ.ಎಸ್. ಸುಬ್ಬುಲಕ್ಷ್ಮಿಯವರ 'ಮೀರಾ' (1945) ಈ ಕಾಲದವು. 78 ಅಂದಕೂಡಲೇ ಸ್ವಾತಂತ್ರ್ಯಪೂರ್ವದ್ದು ಅಂದುಕೊಳ್ಳಬೇಡಿ. ನಮ್ಮಲ್ಲಿ 1960ರ ದಶಕದಲ್ಲೂ ಈ ತಟ್ಟೆ ಒತ್ತುತ್ತಿದ್ದರು, ಬೀಟಲ್ಸ್ ಹಾಡುಗಳು ಕೂಡ ಭಾರತದಲ್ಲಿ 78ರಲ್ಲಿ ಬಂದಿವೆ. ಚಿಕ್ಕವು 7 ಇಂಚಿನ ಇಪಿಗಳು, ಸಾಮಾನ್ಯವಾಗಿ 45 ಆರ್‌ಪಿಎಂ, ಒಂದು ಚಿತ್ರದ ಮೂರು ನಾಲ್ಕು ಹಾಡು. 7 ಇಂಚಿನಲ್ಲೇ 33⅓ ವೇಗದವೂ ಬಂದಿವೆ, ಲೇಬಲ್ ಓದಿಯೇ ಹಾಕಿ. 12 ಇಂಚಿನವು ಎಲ್‌ಪಿ. ಇಪಿ, ಎಲ್‌ಪಿ ಎರಡೂ ವಿನೈಲ್.

ಇನ್ನು ಕೇಳುವುದು. ಮೊದಲನೆಯದು ಮುಳ್ಳು. ತಟ್ಟೆಗಳು ಎಲ್ಲಕ್ಕಿಂತ ಹೆಚ್ಚು ಹಾಳಾಗುವುದು ಅದರ ತಪ್ಪಿನಿಂದ. 78ರ ಗೆರೆ ಅಗಲ, ಅದಕ್ಕೆ 3 ಮಿಲ್, ಅಂದರೆ ತುದಿಯ ತ್ರಿಜ್ಯ ಸುಮಾರು 75 ಮೈಕ್ರಾನ್ ಇರುವ ಮುಳ್ಳು ಬೇಕು. ಇಪಿ, ಎಲ್‌ಪಿಗೆ 0.7 ಮಿಲ್, ಮಾನೋ (ಎಡ ಬಲ ಬೇರೆಯಿಲ್ಲದ, ಒಂದೇ ಧ್ವನಿಯ) ತಟ್ಟೆಗೆ 1 ಮಿಲ್ ಆದರೂ ಸರಿ. ಸಣ್ಣ ಮುಳ್ಳನ್ನು 78ಕ್ಕೆ ಹಾಕಿದರೆ ಅದು ಗೆರೆಯ ತಳಕ್ಕೆ ಇಳಿದು ಕಸದಲ್ಲಿ ಹೊರಳುತ್ತದೆ. ಹಾಡು ಕೇಳುತ್ತದೆ, ಆದರೆ ಮಳೆ ಸುರಿದ ಹಾಗೆ ಸದ್ದು. ದಪ್ಪ ಮುಳ್ಳನ್ನು ಎಲ್‌ಪಿ ಮೇಲಿಟ್ಟರೆ ಆ ತಟ್ಟೆಯ ಕಥೆ ಅಲ್ಲಿಗೆ ಮುಗಿಯಿತು. ಸೂಟ್‌ಕೇಸಿನ ಆಕಾರದ ಅಗ್ಗದ ಪ್ಲೇಯರುಗಳಲ್ಲಿ 78ರ ಗುಂಡಿ ಇರುತ್ತದೆ, 78ರ ಮುಳ್ಳು ಇರುವುದಿಲ್ಲ. ಒಂದೇ ಮುಳ್ಳು, ಅದೂ 5-6 ಗ್ರಾಂ ಭಾರ ಹಾಕಿ ಉಜ್ಜುತ್ತದೆ. ಅದನ್ನು ಕೊಳ್ಳಬೇಡಿ ಎಂದೇ ನನ್ನ ಮಾತು. ಮೂರೂ ವೇಗವಿರುವ, ತೋಳಿನ ಹಿಂದೆ ತೂಕ ಸರಿಪಡಿಸಬಹುದಾದ ಟರ್ನ್‌ಟೇಬಲ್ ನೋಡಿ. ಕಾರ್ಟ್ರಿಜ್‌ಗೆ (ತೋಳಿನ ತುದಿಯಲ್ಲಿ ಮುಳ್ಳನ್ನು ಹಿಡಿಯುವ ಭಾಗ) ಆಡಿಯೋ ಟೆಕ್ನಿಕಾದ ವಿಎಂ95 ಸರಣಿ ಅನುಕೂಲ: ಒಡಲು ಒಂದೇ, ಮುಳ್ಳು ಮಾತ್ರ ಕಳಚಿ ಬದಲಿಸಬಹುದು. ಎಲ್‌ಪಿ, ಇಪಿಗೆ 'ಸಿ' ಮುಳ್ಳು 2 ಗ್ರಾಂನಲ್ಲಿ, 78ಕ್ಕೆ 'ಎಸ್‌ಪಿ' ಮುಳ್ಳು 5 ಗ್ರಾಂನಲ್ಲಿ. ಕೆಲವು ತೋಳುಗಳ ಅಳತೆಪಟ್ಟಿ 4 ಗ್ರಾಂಗೇ ಮುಗಿಯುತ್ತದೆ, ಹಾಗಾಗಿ ಮುಳ್ಳಿನ ಭಾರ ನೋಡುವ ಚಿಕ್ಕ ಡಿಜಿಟಲ್ ತಕ್ಕಡಿ ಒಂದಿರಲಿ. ಟ್ರಂಕಿನ ಜೊತೆ ಹಳೆಯ ಎಚ್‌ಎಂವಿ ಫಿಯೆಸ್ಟಾ ಪ್ಲೇಯರ್ ಸಿಕ್ಕಿದ್ದರೆ ನೋಡಲು ಚೆಂದ, ಇಟ್ಟುಕೊಳ್ಳಿ. ಹಳೇ ಮುಳ್ಳಿನಲ್ಲೇ ಒಳ್ಳೆಯ ತಟ್ಟೆ ಹಾಕಬೇಡಿ.

ಎರಡನೆಯದು ವೇಗ. ಇಲ್ಲಿನ ಕರೆಂಟು 50 ಹರ್ಟ್ಜ್. ಅಮೆರಿಕದಿಂದ ಬಂಧುಗಳು ತಂದುಕೊಟ್ಟ ಹಳೆಯ ಟರ್ನ್‌ಟೇಬಲ್‌ನಲ್ಲಿ 60 ಹರ್ಟ್ಜ್‌ನ ಎಸಿ ಮೋಟಾರಿದ್ದರೆ, ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಹಾಕಿದರೂ ಅದು ಆರನೇ ಒಂದು ಭಾಗ ನಿಧಾನವಾಗಿಯೇ ತಿರುಗುತ್ತದೆ. ಮೂರು ಸ್ವರಸ್ಥಾನ ಇಳಿದು ಪಿ. ಸುಶೀಲಾ ಅವರ ದನಿ ಯಾರೋ ಗಂಡಸಿನದರಂತೆ ಕೇಳುತ್ತದೆ. ಪರೀಕ್ಷೆಗೆ ಸ್ಟ್ರೋಬ್ ಕಾಗದ, ಅಂದರೆ ಸುತ್ತಲೂ ಗೆರೆ ಮುದ್ರಿಸಿದ, ತಟ್ಟೆಯ ಜಾಗದಲ್ಲಿಟ್ಟು ತಿರುಗಿಸುವ ದುಂಡು ಕಾಗದ ಸಾಕು. 50 ಹರ್ಟ್ಜ್‌ನಲ್ಲಿ 33⅓ಕ್ಕೆ 180 ಗೆರೆ, 45ಕ್ಕೆ 133, 78ಕ್ಕೆ 77. ಹಳೆಯ ಟ್ಯೂಬ್‌ಲೈಟಿನಡಿ ಗೆರೆಗಳು ನಿಂತಂತೆ ಕಂಡರೆ ವೇಗ ಸರಿ. ಎಷ್ಟೋ ಎಲ್‌ಇಡಿ ಬಲ್ಬುಗಳ ಬೆಳಕು ಹಾಗೆ ಮಿಡಿಯುವುದಿಲ್ಲ, ಅವುಗಳ ಕೆಳಗೆ ಏನೂ ತಿಳಿಯದು. ಅಂತರ್ಜಾಲದಿಂದ ಇಳಿಸಿ ಮುದ್ರಿಸುವಾಗ 33⅓ಕ್ಕೆ 216 ಗೆರೆಯಿದ್ದರೆ ಅದು 60 ಹರ್ಟ್ಜ್‌ನದು, ಬಿಸಾಡಿ.

ಮೂರನೆಯದು ಮಾನೋ. ಇದನ್ನು ಯಾರೂ ಹೇಳುವುದಿಲ್ಲ, ಲಾಭ ಮಾತ್ರ ಇದರಲ್ಲೇ ಹೆಚ್ಚು. ಸಂಗೀತ ನಿರ್ದೇಶಕರಾದ ವಿಶ್ವನಾಥನ್-ರಾಮಮೂರ್ತಿ ಜೋಡಿ (1952ರಿಂದ 1965ರವರೆಗೆ), ಕೆ.ವಿ. ಮಹದೇವನ್, ಜಿ. ರಾಮನಾಥನ್ ಕಾಲದ ಹಾಡುಗಳೆಲ್ಲ ಮಾನೋ. ಇಳೆಯರಾಜಾ ಅವರ ಮೊದಲ ಚಿತ್ರ 'ಅನ್ನಕ್ಕಿಳಿ' (1976) ಬಂದಾಗಲೂ ತಮಿಳು ಚಿತ್ರಗೀತೆಗೆ ಸ್ಟೀರಿಯೋ ಬಂದಿರಲಿಲ್ಲ. ಸ್ಟೀರಿಯೋದಲ್ಲಿ ಮುದ್ರಿಸಿದ ಮೊದಲ ತಮಿಳು ಚಿತ್ರಗೀತೆಗಳೆಂದು ಹೆಸರಾದದ್ದು ಅವರದೇ 'ಪ್ರಿಯಾ' (1978). ರಜನೀಕಾಂತ್, ಶ್ರೀದೇವಿ, ಅಂಬರೀಷ್ ಇದ್ದ ಆ ಚಿತ್ರ ಕನ್ನಡದಲ್ಲೂ ಬಂತು. ಮಾನೋ ತಟ್ಟೆಯಲ್ಲಿ ಹಾಡಿರುವುದು ಗೆರೆಯ ಅಡ್ಡ ಅಲುಗಾಟದಲ್ಲಿ ಮಾತ್ರ. ಸ್ಟೀರಿಯೋ ಕಾರ್ಟ್ರಿಜ್ ಮೇಲೆ-ಕೆಳಗಿನ ಅಲುಗಾಟವನ್ನೂ ಓದುತ್ತದೆ, ಅಲ್ಲಿರುವುದು ಧೂಳು, ಸವೆತ, ಚಟಪಟ. ಎಡ ಬಲ ಎರಡನ್ನೂ ಕೂಡಿಸಿದರೆ ಆ ಕಸ ತನ್ನಷ್ಟಕ್ಕೆ ಕಳೆದುಹೋಗುತ್ತದೆ. ಆಂಪ್ಲಿಫೈಯರಿನಲ್ಲಿ ಮಾನೋ ಸ್ವಿಚ್ ಇದ್ದರೆ ಒತ್ತಿ. ಇಲ್ಲದಿದ್ದರೆ ಟರ್ನ್‌ಟೇಬಲ್ ಮತ್ತು ಆಂಪ್ಲಿಫೈಯರ್ ನಡುವೆ ಎರಡು 'ವೈ' ಕೇಬಲ್: ಒಂದು ಎರಡನ್ನು ಒಂದು ಮಾಡುತ್ತದೆ, ಇನ್ನೊಂದು ಒಂದನ್ನು ಮತ್ತೆ ಎರಡಕ್ಕೆ ಹಂಚುತ್ತದೆ. ಹಳೆಯ ಹಾಡಿನ ಎಲ್‌ಪಿ ಮೇಲೆ 'ಸ್ಟೀರಿಯೋ' ಎಂದು ದೊಡ್ಡದಾಗಿ ಬರೆದಿದ್ದರೆ ಹಿಗ್ಗಬೇಡಿ. ಮಾನೋ ಧ್ವನಿಯ ಮಂದ್ರವನ್ನು ಒಂದು ಕಡೆಗೂ ತಾರವನ್ನು ಇನ್ನೊಂದು ಕಡೆಗೂ ತಳ್ಳಿ ಮಾಡಿದ ಕಣ್ಕಟ್ಟು ಅದು. ಅಂಥದ್ದಕ್ಕಿಂತ ಗೀರುಬಿದ್ದ ಮಾನೋ ಇಪಿಯೇ ವಾಸಿ.

78ಕ್ಕೆ ಇನ್ನೊಂದು ತೊಡಕು. ಮುಳ್ಳಿನಿಂದ ಬರುವ ಸಣ್ಣ ಸದ್ದನ್ನು ಹಿಗ್ಗಿಸುವ ಈಗಿನ ಫೋನೋ ಪ್ರೀಆಂಪ್‌ಗಳು ಸಾಮಾನ್ಯವಾಗಿ 1950ರ ದಶಕದಲ್ಲಿ ನೆಲೆಯಾದ ಆರ್‌ಐಎಎ ಪದ್ಧತಿಯವು. ಕೆತ್ತುವಾಗ ಏರಿಸಿದ ತಾರವನ್ನು ನುಡಿಸುವಾಗ ಇಳಿಸುವ ಪದ್ಧತಿ ಅದು, 10 ಕಿಲೋಹರ್ಟ್ಜ್‌ನಲ್ಲಿ ಸುಮಾರು 14 ಡೆಸಿಬೆಲ್ ತಗ್ಗಿಸುತ್ತವೆ. ಅದಕ್ಕೂ ಹಿಂದಿನ ತಟ್ಟೆಗಳನ್ನು ಕೆತ್ತುವಾಗ ತಾರವನ್ನು ಅಷ್ಟು ಏರಿಸಿರಲಿಲ್ಲ, ಹಾಗಾಗಿ ಕಂಬಳಿ ಹೊದ್ದು ಹಾಡಿದಂತೆ ಕೇಳುತ್ತದೆ. ಟ್ರೆಬಲ್ ಗುಂಡಿ ಪೂರ್ತಿ ತಿರುಗಿಸಿ 'ಮೀರಾ' ಚಿತ್ರದ 'ಕಾಟ್ರಿನಿಲೇ ವರುಂ ಗೀತಂ' ಇನ್ನೊಮ್ಮೆ ಹಾಕಿ ನೋಡಿ.

ತೊಳೆಯುವುದು ಮೇಲಿನದಕ್ಕೆಲ್ಲ ಮೊದಲೇ ಆಗಬೇಕು. ಅರಗಿನ ತಟ್ಟೆಗೆ ಸ್ಪಿರಿಟ್, ಐಸೋಪ್ರೊಪೈಲ್, ಕೊಲೋನ್ ಯಾವುದನ್ನೂ ಸೋಕಿಸಬೇಡಿ. ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ, ಗೆರೆ ಅಳಿಸಿಹೋಗುತ್ತದೆ. ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ ಪಾತ್ರೆ ತೊಳೆಯುವ ದ್ರವ ಎರಡೇ ಹನಿ. ಬ್ಯಾಟರಿಗೆ ಹಾಕುವ ನೀರು ನಡೆಯುತ್ತದೆ, ಅಂಗಡಿಯವನು ಆ್ಯಸಿಡ್ ಬಾಟಲಿ ಕೊಡದಂತೆ ನೋಡಿಕೊಳ್ಳಿ. ಮೊದಲು ಒಣ ಮೆತ್ತನೆ ಬ್ರಷ್ಷಿನಿಂದ ಮಣ್ಣು ತೆಗೆಯಿರಿ, ಇಲ್ಲದಿದ್ದರೆ ಅದೇ ಮಣ್ಣು ಉಪ್ಪುಕಾಗದವಾಗುತ್ತದೆ. ಬಟ್ಟೆಯನ್ನು ಗೆರೆಯ ಗುಂಟ ಸುತ್ತಿಸಿ, ಲೇಬಲ್ ಒದ್ದೆಯಾಗದಿರಲಿ, ಕೂಡಲೇ ಒರೆಸಿ, ನೆರಳಲ್ಲಿ ನಿಲ್ಲಿಸಿ. ನೆನೆಹಾಕಿದರೆ ಅಂಚಿನ ಬಿರುಕಿಗೆ ನೀರು ಇಳಿಯುತ್ತದೆ. ವಿನೈಲ್‌ಗೆ ಮಾತ್ರ ಮೂರು ಪಾಲು ಡಿಸ್ಟಿಲ್ಡ್ ನೀರಿಗೆ ಒಂದು ಪಾಲು ಐಸೋಪ್ರೊಪೈಲ್ ಬೆರೆಸಬಹುದು. ಟ್ರಂಕಿನ ಬೂಷ್ಟು ಇದರಿಂದ ಹೋಗುತ್ತದೆ. ಹೋಗದೆ ಉಳಿಯುವ ಮಂಜಿನಂಥ ಬಿಳುಪು ಬೂಷ್ಟಲ್ಲ. ತಟ್ಟೆಗೆ ನೇರವಾಗಿ ಅಂಟಿಕೊಂಡಿದ್ದ ಪಿವಿಸಿ ಕವರಿನ ರಾಸಾಯನಿಕ ಗುರುತು ಅದು, 'ಸ್' ಎಂಬ ಸದ್ದಾಗಿ ಕೇಳುತ್ತಲೇ ಇರುತ್ತದೆ. ಆ ಕವರುಗಳನ್ನು ಕಿತ್ತೆಸೆದು ಕಾಗದದ ಒಳಕವರು ಹಾಕಿ, ತಟ್ಟೆಗಳನ್ನು ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ. ಸೊಟ್ಟಗಾದ 78ನ್ನು ಬಿಸಿಲಿಗಿಟ್ಟು ನೇರ ಮಾಡುವ ಪ್ರಯೋಗ ಬೇಡ.

ಯಾವ ತಟ್ಟೆ ಎಷ್ಟು ಸವೆದಿದೆ ಎಂದು ತಿಳಿಯಲು ದೀಪಕ್ಕೆ ಓರೆಯಾಗಿ ಹಿಡಿಯಿರಿ. ಗೀರು ಕಣ್ಣಿಗೆ ಹೊಡೆಯುತ್ತದೆ, ಆದರೆ ಗೀರಿಗಿಂತ ಕೆಟ್ಟದ್ದು ಹಾಡಿನ ಏರುದನಿಯ ಜಾಗಗಳಲ್ಲಿ ಕಾಣುವ ಬೂದುಬಣ್ಣ. ಭಾರದ ಮುಳ್ಳು ಗೆರೆಯ ಗೋಡೆ ಕೆರೆದ ಗುರುತು ಅದು, ಅದಕ್ಕೆ ಮದ್ದಿಲ್ಲ. ಕಿವಿಯಿಂದ ಪರೀಕ್ಷಿಸಲು 'ಕೊಂಜುಂ ಸಲಂಗೈ' (1962) ಚಿತ್ರದ 'ಸಿಂಗಾರ ವೇಲನೇ ದೇವಾ' ಇದ್ದರೆ ಅದರಷ್ಟು ಕಠಿಣ ಪರೀಕ್ಷೆ ಇನ್ನೊಂದಿಲ್ಲ. ಎಸ್.ಎಂ. ಸುಬ್ಬಯ್ಯ ನಾಯ್ಡು ಸಂಗೀತ, ಕಾರುಕುರುಚಿ ಅರುಣಾಚಲಂ ಅವರ ನಾಗಸ್ವರದೊಡನೆ ಎಸ್. ಜಾನಕಿ ಆಭೇರಿಯಲ್ಲಿ ಸ್ವರಕ್ಕೆ ಸ್ವರ ಹಾಡುತ್ತಾರೆ. ನಾಗಸ್ವರದ ನಾದದಲ್ಲಿ ಮೇಲಿನ ಕಂಪನಗಳು ದಟ್ಟ, ಸವೆದ ಗೆರೆ ಮೊದಲು ಹರಿಯುವುದು ಅಲ್ಲೇ. ಜಾನಕಿಯವರ ಸ್ವರ ಶುದ್ಧವಾಗಿದ್ದು ನಾಗಸ್ವರ ಮಾತ್ರ ತಗಡು ಕೆರೆದಂತಾದರೆ ತಟ್ಟೆ ಸವೆದಿದೆ. ಎರಡೂ ಕೆರೆದಂತಿದ್ದರೆ ಮೊದಲು ನಿಮ್ಮ ಮುಳ್ಳನ್ನು ಅನುಮಾನಿಸಿ.

ಮೆಲುದನಿಗೆ ಪಿ.ಬಿ. ಶ್ರೀನಿವಾಸ್. ನಮಗೆ ಅವರು ರಾಜ್‌ಕುಮಾರ್ ಅವರ ದನಿ, ತಮಿಳಿನಲ್ಲಿ ಜೆಮಿನಿ ಗಣೇಶನ್ ಅವರ ದನಿ. 'ಪಾವಮನ್ನಿಪ್ಪು' (1961) ಚಿತ್ರದ 'ಕಾಲಂಗಳಿಲ್ ಅವಳ್ ವಸಂತಂ' ಹಾಡಿನಲ್ಲಿ ಅವರು ಸಾಲಿನ ಕೊನೆಯ ಅಕ್ಷರವನ್ನು ಉಸಿರಿಗೆ ಸೇರಿಸಿಬಿಡುತ್ತಾರೆ. ಮಾನೋ ಮಾಡದೆ ಕೇಳಿದರೆ ಆ ಉಸಿರು ತಟ್ಟೆಯ ಚಟಪಟದೊಳಗೆ ಹೂತುಹೋಗುತ್ತದೆ, ಮಾಡಿದರೆ ಮೈಕಿನ ಪಕ್ಕದಲ್ಲೇ ನಿಂತಂತೆ. ಇಂಥ ಹಾಡುಗಳನ್ನು ಗಾಯಕರೂ ವಾದ್ಯವೃಂದವೂ ಒಟ್ಟಿಗೆ ಕೂತು ಒಂದೇ ಓಟದಲ್ಲಿ ಮುದ್ರಿಸುತ್ತಿದ್ದರು, ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ. ಅದು ಹೇಗಿರುತ್ತಿತ್ತು ಎಂದು ನೋಡಬೇಕಿದ್ದರೆ 'ಸರ್ವರ್ ಸುಂದರಂ' (1964) ಚಿತ್ರದ 'ಅವಳುಕ್ಕೆನ್ನ' ಹಾಡು ನೋಡಿ. ಧ್ವನಿಮುದ್ರಣವನ್ನೇ ದೃಶ್ಯ ಮಾಡಿದ್ದಾರೆ, ಎಂ.ಎಸ್. ವಿಶ್ವನಾಥನ್ ಅವರೇ ತೆರೆಯ ಮೇಲಿದ್ದಾರೆ. ಈ ಒಂದಕ್ಕೆ ಯೂಟ್ಯೂಬ್ ಬೇಕೇ ಬೇಕು.

ಕಂಪ್ಯೂಟರಿಗೆ ಇಳಿಸುವುದಾದರೆ ಆಡಾಸಿಟಿ ಎಂಬ ಧ್ವನಿಮುದ್ರಣ ತಂತ್ರಾಂಶ ಸಾಕು. 24 ಬಿಟ್‌ನಲ್ಲಿ ಇಳಿಸಿ, ಅತಿ ಜೋರಿನ ಜಾಗದಲ್ಲೂ ಮಾಪಕ ಮೈನಸ್ 6 ಡೆಸಿಬೆಲ್ ದಾಟದಿರಲಿ, ಒಂದೊಂದು ಚಟ್ ಸದ್ದು ಹಾಡಿಗಿಂತ ಎತ್ತರಕ್ಕೆ ಜಿಗಿಯುತ್ತದೆ. ಯಂತ್ರದಲ್ಲಿ 78ರ ವೇಗ ಇಲ್ಲದಿದ್ದರೆ 78ರ ಮುಳ್ಳನ್ನೇ ಹಾಕಿ 45ರಲ್ಲಿ ಓಡಿಸಿ ಇಳಿಸಿ, ಆಮೇಲೆ ವೇಗವನ್ನು 1.733 ಪಟ್ಟು ಮಾಡಿ. ಆಗ ಆರ್‌ಐಎಎ ಕಡಿತವೂ ಜಾಗ ತಪ್ಪಿರುತ್ತದೆ, ಈಕ್ವಲೈಸರಿನಲ್ಲಿ ಕಿವಿಯ ಅಂದಾಜಿನ ಮೇಲೆ ಸರಿಪಡಿಸಿಕೊಳ್ಳಬೇಕು. ಚಟಪಟ ತೆಗೆಯುವ ಉಪಕರಣವನ್ನು ಅಳತೆಯಲ್ಲಿ ಬಳಸಿ. ಅದಕ್ಕೆ ಗೀರಿನ ಸದ್ದಿಗೂ ಮೃದಂಗದ ಚಾಪು, ಬೋಂಗೋ ಪೆಟ್ಟುಗಳಿಗೂ ವ್ಯತ್ಯಾಸ ತಿಳಿಯದು. ಜೋರಾಗಿ ಓಡಿಸಿದರೆ ತಟ್ಟೆ ಸ್ವಚ್ಛ, ತಾಳ ಮಾಯ. ತೊಳೆದ ತಟ್ಟೆಯಿಂದ ಇಳಿಸಿದ ಮೊದಲ ಫೈಲನ್ನು ಮುಟ್ಟದೆ ಹಾಗೇ ಇಡಿ, ಕೈಚಳಕವೆಲ್ಲ ಅದರ ಪ್ರತಿಯ ಮೇಲೆ. ಫೈಲಿನ ಹೆಸರಿನಲ್ಲಿ ಹಾಡು, ಚಿತ್ರದ ಜೊತೆ ಲೇಬಲ್ಲಿನ ರೆಕಾರ್ಡ್ ಸಂಖ್ಯೆಯನ್ನೂ, ಲೇಬಲ್ ಮತ್ತು ಗೆರೆಗಳ ನಡುವಿನ ನುಣುಪು ಜಾಗದಲ್ಲಿ ಕೆತ್ತಿರುವ ಅಂಕಿಗಳನ್ನೂ ಬರೆದುಕೊಳ್ಳಿ. ಒಂದೇ ಹಾಡಿನ 78 ಮತ್ತು ಇಪಿ ಎರಡೂ ನಿಮ್ಮ ಟ್ರಂಕಿನಲ್ಲಿದ್ದರೆ, ಯಾವುದು ಯಾವುದೆಂದು ಆರು ತಿಂಗಳ ಮೇಲೆ ಹೇಳುವುದು ಆ ಅಂಕಿಗಳೇ.