ಪಾಂಡವಪುರದ ಶಾಲೆಯಲ್ಲಿ ಒಂದು ದಿನದ ಕಲಾ ಶಿಬಿರ

ನಮಸ್ಕಾರ. ಪಾಂಡವಪುರದ ಬಳಿಯ ಹಳ್ಳಿಶಾಲೆಯಲ್ಲಿ ಮಕ್ಕಳಿಗೆ ಒಂದು ದಿನದ ಸಮಕಾಲೀನ ಕಲಾ ಶಿಬಿರವನ್ನು ಕಡಿಮೆ ಖರ್ಚಿನಲ್ಲಿ ಹೇಗೆ ನಡೆಸುವುದೆಂದು ಕೇಳಿದ್ದೀರಿ. ದಯವಿಟ್ಟು ಬಣ್ಣದ ಪೆಟ್ಟಿಗೆಯಿಂದ ಆರಂಭಿಸಬೇಡಿ. ಬಣ್ಣ ಕೈಗೆ ಬಂದೊಡನೆ ಮಕ್ಕಳು ಎರಡು ಗುಡ್ಡಗಳ ನಡುವಿನ ಸೂರ್ಯನಿಗೇ ಮರಳುವುದನ್ನು ಅನೇಕ ಶಿಬಿರಗಳಲ್ಲಿ ಕಂಡಿದ್ದೇನೆ. ಹತ್ತಿರದ ಆಲೆಮನೆಯಿಂದ ಒಣಗಿದ ಕಬ್ಬಿನ ಸಿಪ್ಪೆ ತರಿಸಿ, ಸೆಣಬಿನ ದಾರ ಕೊಟ್ಟು, ತಾವೇ ಒಳಹೊಕ್ಕು ಕೂರಬಹುದಾದ ಗೂಡೊಂದನ್ನು ಅಂಗಳದಲ್ಲಿ ಕಟ್ಟಲು ಬಿಡಿ. ನಮ್ಮಲ್ಲಿ ಐದನೇ ತರಗತಿಯ ಹುಡುಗಿಯೊಬ್ಬಳು, ಯಾರೂ ಹೇಳಿಕೊಡದಿದ್ದರೂ, ಸಿಪ್ಪೆಯನ್ನು ನೀರಿನಲ್ಲಿ ನೆನೆಸಿ ಜಡೆಯಂತೆ ಹೆಣೆದು ಗೂಡಿನ ಬಾಗಿಲಿಗೆ ತೋರಣ ಕಟ್ಟಿದಳು. ಹೀಗೆ ಒಂದು ಜಾಗದಲ್ಲಿ ವಸ್ತುಗಳನ್ನು ಜೋಡಿಸಿ ಕಟ್ಟುವ ಕಲೆಗೆ ಪ್ರತಿಷ್ಠಾಪನಾ ಕಲೆ (ಇನ್‌ಸ್ಟಲೇಶನ್) ಎಂಬ ಹೆಸರಿದೆ ಎಂದು ಸಂಜೆ ಹೇಳಿದರೆ ಸಾಕು. ಸಿಪ್ಪೆಯ ಅಂಚು ಬೆರಳು ಕೊಯ್ಯುವುದರಿಂದ ಚೂಪಾದ ತುಂಡುಗಳನ್ನು ಮೊದಲೇ ಆರಿಸಿ ತೆಗೆಯಿರಿ. ನೆರವಿಗಾಗಿ ಮೈಸೂರಿನ ಕಾವಾ, ಅಂದರೆ ಶ್ರೀ ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಕಾಲೇಜಿನ ಶಿಲ್ಪಕಲಾ ವಿದ್ಯಾರ್ಥಿಗಳನ್ನು ಕೇಳಿ ನೋಡಿ.