ಮಷೀನಿಗೆ ಆನಿಸಿಟ್ಟ ಫೋನಿನಲ್ಲಿ ನೋಡಿದ ಸಿನಿಮಾ

ಅಕ್ಕಾ, ನಮಸ್ಕಾರ.

ನಿಮ್ಮ ಪತ್ರ ಬಂದು ಹದಿನೈದು ದಿನ ಆಯಿತು. ಎರಡು ಸಾಲು ಬರೆದು ಮುಗಿಸುವ ಪತ್ರ ಅದಲ್ಲ. ಹಾಗಾಗಿ ಬೇರೆ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟು, ಈ ಸಲದ ಪುಟವನ್ನು ಪೂರ್ತಿ ನಿಮಗೇ ಬಿಟ್ಟಿದ್ದೇನೆ.

ಉಳಿದ ಓದುಗರಿಗೆ ವಿಷಯ ತಿಳಿಯಬೇಕಲ್ಲ. ಪತ್ರ ಬರೆದವರು ಆಳಂದ ತಾಲ್ಲೂಕಿನ ಒಂದು ಹಳ್ಳಿಯವರು. ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತಾರೆ. ಹೋದ ತಿಂಗಳು ನಾನು ಇದೇ ಪುಟದಲ್ಲಿ, ಥಿಯೇಟರ್‌ನಲ್ಲಿ ನೋಡದಿದ್ದರೆ ಆ ಸಿನಿಮಾ ನೋಡಿದ ಹಾಗೇ ಅಲ್ಲ ಅಂತ ಬರೆದಿದ್ದೆ. ಅದಕ್ಕೆ ಅವರ ಜವಾಬು ಇದು:

"ನಮ್ಮೂರಾಗ ಟಾಕೀಸ್ ಇಲ್ರಿ. ಕಲಬುರಗಿಗೇ ಬರಬೇಕು. ಬಸ್ ಫ್ರೀ ಅದ, ಖರೆ. ಆದ್ರ ಸಂಜಿ ಆಟ ನೋಡಿ ಹೊರಗ ಬಂದ್ರ ನಮ್ಮೂರಿಗಿ ಬಸ್ ಇರಂಗಿಲ್ಲ. ನಾನು ಮಷೀನಿಗಿ ಫೋನ್ ಆನಿಸಿಟ್ಟು ಸಿನಿಮಾ ನೋಡ್ತೀನಿ. ಖರೆ ಹೇಳಬೇಕಂದ್ರ ನೋಡೂದಕಿಂತ ಕೇಳೂದೇ ಜಾಸ್ತಿ. ಹಂಗಾದ್ರ ನಾ ನೋಡಿದ್ದು ಸಿನಿಮಾ ಅಲ್ಲೇನ್ರಿ?"

ಇದಾದ ಮೇಲೆ ಮೂರು ಸಿನಿಮಾ ಬಗ್ಗೆ ಅವರ ಅಭಿಪ್ರಾಯ ಇದೆ. ಕೊನೆಗೆ ಒಂದು ಪ್ರಶ್ನೆ: "ನಮ್ಮ ಅತ್ತಿಯವರಿಗಿ ಬೆಂಗಳೂರು ಕನ್ನಡ ತಿಳಿಯಂಗಿಲ್ಲ. ಅವರಿಗಿ ಯಾವ ಸಿನಿಮಾ ತೋರಿಸಲಿ?"

ಅಕ್ಕಾ, ಮೊದಲು ತಪ್ಪೊಪ್ಪಿಗೆ. ನಾನು ಹಾಗೆ ಬರೆಯಬಾರದಿತ್ತು. ನಮ್ಮ ಕಚೇರಿಯಿಂದ ಥಿಯೇಟರ್‌ಗೆ ಆಟೋದಲ್ಲಿ ಹತ್ತು ನಿಮಿಷ. ರಾತ್ರಿ ಒಂಬತ್ತೂವರೆಗೆ ಆಟ ಬಿಟ್ಟರೂ ಹತ್ತರೊಳಗೆ ಮನೆಯಲ್ಲಿರುತ್ತೇನೆ. ಆ ಅನುಕೂಲದಲ್ಲಿ ಕೂತು ಬರೆದ ಮಾತು ಅದು. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಶುರುವಾದಾಗ, ಇನ್ನು ಹಳ್ಳಿಯ ಹೆಣ್ಣುಮಕ್ಕಳು ಪೇಟೆಗೆ ಬಂದು ಸಿನಿಮಾ ನೋಡಬಹುದು ಅಂತ ನಾನೇ ಖುಷಿಪಟ್ಟಿದ್ದೆ. ಬರುವ ಬಸ್ಸನ್ನು ಲೆಕ್ಕ ಹಾಕಿದ್ದೆ, ತಿರುಗಿ ಹೋಗುವ ಬಸ್ಸನ್ನು ಹಾಕಿರಲಿಲ್ಲ. ನಿಮ್ಮ ಪತ್ರ ಓದಿದ ಮೇಲೇ ಅದು ಹೊಳೆದದ್ದು.

ಟಿಕೆಟ್ ಮಾತೂ ನೀವು ಎತ್ತಿದ್ದೀರಿ. ಮಗ, ಮಗಳು, ಅತ್ತೆ, ನೀವು, ನಾಲ್ಕು ಜನ ಬಂದರೆ ತಿಂಡಿ ಸೇರಿ ಸಾವಿರ ರೂಪಾಯಿ ಹೋಗುತ್ತದೆ. ಎಷ್ಟು ಬ್ಲೌಸ್ ಹೊಲಿಯಬೇಕು ಅಂತ ಕೇಳಿದ್ದೀರಿ. 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಟಿಕೆಟ್ 200 ರೂಪಾಯಿ ದಾಟಬಾರದು ಅಂತ ನಿಯಮ ತಂದಿತ್ತು. ಅದೇ ತಿಂಗಳು ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. 200 ಅಂದರೂ ನಾಲ್ಕು ಜನಕ್ಕೆ 800 ಆಗುತ್ತದಲ್ಲ. ಅದು ನಿಮಗೆ ಸಣ್ಣ ದುಡ್ಡಲ್ಲ ಅಂತ ನನಗೆ ಗೊತ್ತು.

ಈಗ ನಿಮ್ಮ ಅಭಿಪ್ರಾಯಗಳಿಗೆ ಬರೋಣ. ನನಗೆ ಅವೇ ಮುಖ್ಯ.

'ಸು ಫ್ರಮ್ ಸೋ' ನೋಡಿ ನಕ್ಕಿರಿ, ಆದರೆ ಒಂದು ಕಡೆ ನಗು ಬರಲಿಲ್ಲ ಅಂದಿದ್ದೀರಿ. ಹುಡುಗ ಸ್ನಾನದ ಮನೆಯಲ್ಲಿ ಇಣುಕಲು ಹೋಗಿ ಸಿಕ್ಕಿಬೀಳುತ್ತಾನೆ, ತಪ್ಪಿಸಿಕೊಳ್ಳಲು ಮೈಮೇಲೆ ದೆವ್ವ ಬಂದವರ ಹಾಗೆ ಆಡುತ್ತಾನೆ. ಕಥೆ ಶುರುವಾಗುವುದೇ ಅಲ್ಲಿಂದ. "ಅವನು ಇಣುಕಿದ್ದನ್ನ ಎಲ್ಲಾರೂ ಮರತೇಬಿಟ್ರಲ್ರಿ" ಅಂತ ಬರೆದಿದ್ದೀರಿ. ಈ ಸಾಲನ್ನು ಮೂರು ಸಲ ಓದಿದೆ.

ನಾನು ಅದನ್ನು ನೋಡಿದ್ದು ಥಿಯೇಟರ್‌ನಲ್ಲಿ. 2025ರ ಜುಲೈ ಕೊನೆಗೆ ಬಂದ ಸಿನಿಮಾ, ದೊಡ್ಡ ಹೀರೋ ಇಲ್ಲ, ಅಬ್ಬರದ ಪ್ರಚಾರ ಇಲ್ಲ. ನೋಡಿದವರು ನೋಡದವರಿಗೆ ಹೇಳಿ ಹೇಳಿಯೇ ಹಾಲ್ ತುಂಬಿತ್ತು. ನನ್ನ ಪಕ್ಕ ಕೂತ ಹುಡುಗ ನಗುತ್ತಾ ನನ್ನ ತೊಡೆಗೆ ಹೊಡೆದ. ಗುರುತಿಲ್ಲ, ಪರಿಚಯ ಇಲ್ಲ. ಆಮೇಲೆ "ಸಾರಿ ಕಾಕಾ" ಅಂದ. ನಾನೂ ನಗುತ್ತಲೇ ಇದ್ದೆ. ಆ ನಗುವಿನಲ್ಲಿ ಆ ದೃಶ್ಯ ದಾಟಿ ಹೋಯಿತು. ಮುಂದೆ ಕಥೆ ಹೆಣ್ಣುಮಕ್ಕಳ ಕಷ್ಟಕ್ಕೆ ತಿರುಗುತ್ತದೆ, ನಿಜ. ಆದರೆ ಶುರುವಿನ ಆ ಹುಡುಗಿಯ ಬಗ್ಗೆ ನಾನು ಯೋಚಿಸಲೇ ಇಲ್ಲ. ನೀವು ಒಬ್ಬರೇ ಕೂತು ನೋಡಿದ್ದರಿಂದ ನಿಮಗೆ ಅದು ಕಂಡಿತು. ಹಾಲ್‌ನಲ್ಲಿ ಮುನ್ನೂರು ಜನ ನಕ್ಕಾಗ ನಮ್ಮ ಅನುಮಾನವೂ ಅವರ ಜೊತೆ ಕೊಚ್ಚಿ ಹೋಗುತ್ತದೆ. ಮನೆಯಲ್ಲಿ ನೋಡಿದವರ ಅಭಿಪ್ರಾಯ ಯಾಕೆ ಬೇಕು ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

'ಕಾಂತಾರ ಚಾಪ್ಟರ್ 1' ಬಗ್ಗೆ ಒಂದೇ ಸಾಲು ಬರೆದಿದ್ದೀರಿ: "ಮೊದಲಿನದರಾಗ ಅವ್ವ ಬೈತಾಳಲ್ರಿ, ಆ ಬೈಗುಳ ಇದರಾಗ ಇಲ್ಲ." ಸರಿಯಾಗಿ ಹಿಡಿದಿದ್ದೀರಿ. ಎರಡನ್ನೂ ನಾನು ಥಿಯೇಟರ್‌ನಲ್ಲೇ ನೋಡಿದೆ. 2025ರದ್ದು ನೋಡುವಾಗ ಸೌಂಡಿಗೆ ಕುರ್ಚಿಯೇ ನಡುಗಿತು. ಕಾಡು, ಅರಮನೆ, ಯುದ್ಧ, ಕಣ್ಣಿಗೆ ಹಬ್ಬ. ಆದರೆ ಹೊರಗೆ ಬಂದು ಚಹಾ ಕುಡಿಯುವಾಗ ಒಂದು ಮಾತೂ ನೆನಪಿಗೆ ಬರಲಿಲ್ಲ. 2022ರದ್ದು ಈಗಲೂ ಕಿವಿಯಲ್ಲಿದೆ. ಮಾನಸಿ ಸುಧೀರ್ ಮಾಡಿದ ಆ ತಾಯಿ ಮಗನನ್ನು ಬೈಯುವುದು ಕೇಳಿದರೆ ಪಕ್ಕದ ಮನೆಯಲ್ಲೇ ಜಗಳ ನಡೆದ ಹಾಗಿತ್ತು. ನೀವು ಸಿನಿಮಾ ಕೇಳುವವರು, ಹಾಗಾಗಿ ನಿಮಗೆ ಇದು ಬೇಗ ತಿಳಿಯಿತು.

ಇನ್ನು 'ಶಿವಮ್ಮ'. ಇದರ ಬಗ್ಗೆ ನೀವು ಎರಡು ಪುಟ ಬರೆದಿದ್ದೀರಿ. ನಾನೂ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದ ಕಥೆ. ಜೈಶಂಕರ್ ಆರ್ಯರ್ ನಿರ್ದೇಶನ. 2022ರಲ್ಲಿ ಬೂಸಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದು, 2024ರ ಜೂನ್‌ನಲ್ಲಿ ಥಿಯೇಟರ್‌ಗೆ ಬಂತು. ಶಾಲೆಯಲ್ಲಿ ಅಡುಗೆ ಮಾಡುವ ಬಡ ಹೆಣ್ಣುಮಗಳು, ಗೊತ್ತಿದ್ದವರಿಗೆ ಸಾಮಾನು ಮಾರಿ ಅವರನ್ನೂ ಮಾರಲು ಸೇರಿಸುವ ನೆಟ್‌ವರ್ಕ್ ಮಾರ್ಕೆಟಿಂಗ್‌ಗೆ ಬೀಳುತ್ತಾಳೆ. ಡಬ್ಬಿ ಹಿಡಿದು ಊರವರ ಮನೆ ಮನೆಗೆ ಹೋಗುತ್ತಾಳೆ. ನಟಿಸಿದವರಲ್ಲಿ ಹೆಚ್ಚಿನವರು ಹಳ್ಳಿಯ ಜನರೇ.

ಥಿಯೇಟರ್‌ನಲ್ಲೇ ನೋಡಬೇಕು ಅಂತ ಬರೆದ ನಾನು ಈ ಸಿನಿಮಾ ನೋಡಿದ್ದು ಎಲ್ಲಿ ಗೊತ್ತಾ? ಮನೆಯಲ್ಲಿ, ಅವ್ವನ ಜೊತೆ. ನಾಲ್ಕು ಸಲ ನಿಲ್ಲಿಸಿದೆವು. ಒಂದು ಸಲ ಗ್ಯಾಸ್ ಸಿಲಿಂಡರ್ ಬಂತು. ಒಂದು ಸಲ ಹುಮನಾಬಾದಿನಿಂದ ತಂಗಿಯ ಫೋನ್. ಒಂದು ಸಲ ಕರೆಂಟ್ ಹೋಯಿತು. ಕೊನೆಯ ಸಲ ನಾನೇ ಸುಮ್ನೆ ಎದ್ದು ಅಡುಗೆಮನೆಗೆ ಹೋದೆ. ಯಾಕೆ ಎದ್ದೆ ಅಂತ ಆಮೇಲೆ ಬಹಳ ಯೋಚಿಸಿದೆ. ಸಿನಿಮಾ ನಿಧಾನ ಇತ್ತು, ಕೈಯಲ್ಲಿ ರಿಮೋಟ್ ಇತ್ತು. ಅಷ್ಟೇ ಕಾರಣ.

ಅವ್ವ ಮಾತ್ರ ಕದಲಲಿಲ್ಲ. ಸ್ವಲ್ಪ ಹೊತ್ತಿಗೇ ಅಂದಳು: "ಈಕಿ ನಮ್ಮ ಕಡೀಕೀನೇ ಇದ್ದಂಗ ಅದಾಳ ನೋಡು." ಮತ್ತೆ ಸ್ವಲ್ಪ ಹೊತ್ತಿಗೆ: "ಅಲ್ಲ, ಈಕಿ ಐತಿ ಅಂತಾಳ. ನಾವು ಅದ ಅಂತೀವಿ. ಕೊಪ್ಪಳದ ಕಡಿಯಾಕಿ." ಎಂಬತ್ತು ದಾಟಿದವಳು, ಸಿನಿಮಾ ನೋಡುತ್ತಾ ಜಿಲ್ಲೆ ಗುರುತಿಸಿದಳು! ಇಷ್ಟು ವರ್ಷದಲ್ಲಿ ಕನ್ನಡ ಸಿನಿಮಾ ನೋಡುವಾಗ ಅವ್ವ ಮಾತಿನ ಬಗ್ಗೆ ಬಾಯಿ ಬಿಟ್ಟಿದ್ದು ಅದೇ ಮೊದಲು. ಬೇರೆ ಸಿನಿಮಾ ನೋಡುವಾಗ ಸಾಮಾನ್ಯವಾಗಿ ಕೇಳುತ್ತಿದ್ದದ್ದು, "ಏನಂದ?" ಅಂತ.

ಅದಕ್ಕೇ ನಿಮ್ಮ ದೂರು ನನಗೆ ಪೂರ್ತಿ ಒಪ್ಪಿಗೆ. ನಮ್ಮ ಮಾತು ಸಿನಿಮಾದಲ್ಲಿ ಬರುವುದು ಎರಡೇ ಸಲ ಅಂತ ಬರೆದಿದ್ದೀರಿ: ಒಂದು ನಗಿಸಲು, ಇನ್ನೊಂದು ಕೊಡಲಿ ಹಿಡಿದು ಓಡಲು. ಭೀಮಾ ತೀರ ಅಂದರೆ ಹಂತಕರು, ಇಷ್ಟೇ. ಅದೇ ಭೀಮಾ ನದಿಯ ದಂಡೆಯಲ್ಲಿ ದೇವಲ ಗಾಣಗಾಪುರ ಇದೆ, ಸನ್ನತಿ ಇದೆ, ತೊಗರಿ ಬೆಳೆಯುವ ಲಕ್ಷಾಂತರ ಜನ ಇದ್ದಾರೆ. ಅವರು ಮದುವೆ ಮಾಡುತ್ತಾರೆ, ಸಾಲ ತೀರಿಸುತ್ತಾರೆ, ಗುಳೆ ಹೋಗುತ್ತಾರೆ, ಮಕ್ಕಳನ್ನು ಓದಿಸುತ್ತಾರೆ. ಆ ಕಥೆಗಳು ನಮ್ಮ ಮಾತಿನಲ್ಲಿ ಎಷ್ಟು ಬಂದಿವೆ?

ಬೆಂಗಳೂರಿನವರಿಗೆ ಅರ್ಥ ಆಗುವುದಿಲ್ಲ ಅನ್ನುವ ಮಾತು ಇನ್ನು ನಡೆಯದು. 'ಸು ಫ್ರಮ್ ಸೋ', ಅಂದರೆ ಸೋಮೇಶ್ವರದ ಸುಲೋಚನಾ ಕಥೆಯನ್ನು ಕರಾವಳಿಯ ಕನ್ನಡದಲ್ಲೇ ಕೇಳಿ ಕಲಬುರಗಿಯ ಹಾಲ್ ಬಿದ್ದು ಬಿದ್ದು ನಕ್ಕಿದೆ. ನಿಮ್ಮ ಅತ್ತೆಯವರೂ ಅರ್ಧ ಮಾತು ತಿಳಿಯದೇ ನಕ್ಕರು ಅಂತ ನೀವೇ ಬರೆದಿದ್ದೀರಿ. ಅವರ ಮಾತು ನಮಗೆ ತಿಳಿದರೆ ನಮ್ಮ ಮಾತು ಅವರಿಗೆ ಯಾಕೆ ತಿಳಿಯುವುದಿಲ್ಲ? ಕರಾವಳಿಯವರು ತಮ್ಮ ಊರಲ್ಲೇ ಕ್ಯಾಮೆರಾ ಇಟ್ಟರು, ತಮ್ಮ ನಾಟಕದ ಹುಡುಗರನ್ನೇ ಹಾಕಿಕೊಂಡರು. ನಮ್ಮಲ್ಲಿ ನಾಟಕದ ಹುಡುಗರಿಗೆ ಕೊರತೆ ಇದೆಯಾ?

ನಮ್ಮ ಕಡೆಯೂ ಆಗುತ್ತಿದೆ, ಇಲ್ಲ ಅನ್ನಬಾರದು. ಉತ್ಸವ್ ಗೋನವಾರ ಅವರ 'ಫೋಟೋ' 2024ರಲ್ಲೇ ಬಂತು. ರಾಯಚೂರು ಕಡೆಯ ಹುಡುಗನಿಗೆ ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಆಸೆ. ಕೂಲಿಗೆ ಹೋದ ಅಪ್ಪನ ಹತ್ತಿರ ಬೆಂಗಳೂರಿಗೆ ಬರುತ್ತಾನೆ, ಲಾಕ್‌ಡೌನ್ ಬೀಳುತ್ತದೆ, ಅಪ್ಪ ಮಗ ಊರಿಗೆ ನಡೆಯುತ್ತಾರೆ. ಕೊರೊನಾದಿಂದ ದೇಶದಲ್ಲಿ ಮೊದಲ ಸಾವು ಆದದ್ದು ನಮ್ಮ ಕಲಬುರಗಿಯಲ್ಲಿ, 2020ರ ಮಾರ್ಚ್‌ನಲ್ಲಿ. ಆಮೇಲೆ ಮುಂಬೈ, ಪುಣೆ, ಬೆಂಗಳೂರಿನಿಂದ ನಮ್ಮ ಜನ ತಿರುಗಿ ಬಂದದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆ ಹುಡುಗನ ನಡಿಗೆಯನ್ನು ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಥಿಯೇಟರ್ ಬಾಗಿಲು ಹಾಕಿ, ಹೊಸ ಸಿನಿಮಾ ನೇರವಾಗಿ ಮನೆಗೆ ಬರತೊಡಗಿದ್ದೂ ಆ ವರ್ಷವೇ. ಜುಲೈನಲ್ಲಿ ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಸಂಸ್ಥೆಯ 'ಲಾ' ಬಂತು, ಅದರ ಹಿಂದೆ ಉಳಿದವು. ಅಲ್ಲಿಂದ ಒಂದು ಮಾತು ರೂಢಿ ಆಗಿದೆ: ದೊಡ್ಡ ಸಿನಿಮಾ ಥಿಯೇಟರ್‌ಗೆ, ಸಣ್ಣ ಸಿನಿಮಾ ಮನೆಗೆ. ನೀವೂ ಅದನ್ನೇ ಬರೆದಿದ್ದೀರಿ. ಅಕ್ಕಾ, ಇಲ್ಲಿ ಮಾತ್ರ ನಾನು ನಿಮ್ಮ ಜೊತೆ ಜಗಳ ಆಡುತ್ತೇನೆ.

ದೊಡ್ಡ ಸಿನಿಮಾ ನಿಮ್ಮನ್ನು ಎಲ್ಲಿದ್ದರೂ ಹಿಡಿದು ಕೂರಿಸುತ್ತದೆ. ಕುಕ್ಕರ್ ಕೂಗಿದರೂ ಅದರ ಸದ್ದು ಕುಕ್ಕರ್‌ಗಿಂತ ಜೋರು. ಸಣ್ಣ ಸಿನಿಮಾಗೆ ಆ ಜೋರು ಇಲ್ಲ. ಶಿವಮ್ಮ ಸುಮ್ಮನೆ ಕೂತಾಗ ನಾವೂ ಸುಮ್ಮನೆ ಕೂರಬೇಕು. ಮನೆಯಲ್ಲಿ ಯಾರು ಕೂರುತ್ತಾರೆ? ನಾನೇ ಕೂರಲಿಲ್ಲ. ಕತ್ತಲೆ ಬೇಕಾದದ್ದು, ಎದ್ದು ಹೋಗಲಾರದ ಹಾಗೆ ಸಾಲಿನ ಮಧ್ಯದ ಸೀಟು ಬೇಕಾದದ್ದು ಇಂಥ ಸಿನಿಮಾಗೆ.

ಇದನ್ನು ಒಂದು ಸಲ ಕಂಡಿದ್ದೇನೆ. ನಮ್ಮೂರಿನ ಒಂದು ಟಾಕೀಸಿಗೆ ಸಣ್ಣ ಕನ್ನಡ ಸಿನಿಮಾ ಬಂದಿತ್ತು. ಏಪ್ರಿಲ್ ತಿಂಗಳು, ಹೊರಗೆ ರಣ ಬಿಸಿಲು. ನಾವು ಒಂಬತ್ತು ಜನ. ಹತ್ತು ಜನ ಆಗದಿದ್ದರೆ ಆಟ ಇಲ್ಲ ಅಂದರು ಕೌಂಟರ್‌ನಲ್ಲಿ. ನಾನು ಇನ್ನೊಂದು ಟಿಕೆಟ್ ತೆಗೆದುಕೊಂಡೆ. ಆಟ ಶುರುವಾಯಿತು. ನನ್ನ ಹಿಂದೆ ರುಮಾಲು ಸುತ್ತಿದ ಒಬ್ಬ ಮುತ್ಯಾ ಕೂತಿದ್ದರು. ಪರದೆಯ ಮೇಲೆ ಒಬ್ಬ ರೈತ ಸೊಸೈಟಿ ಮುಂದೆ ಸಾಲಿನಲ್ಲಿ ನಿಂತ ದೃಶ್ಯ. ಬಹಳ ಹೊತ್ತು ಮಾತಿಲ್ಲ. ಮುತ್ಯಾ ಮೆಲ್ಲಗೆ, ಆ ರೈತನಿಗೇ ಹೇಳಿದ ಹಾಗೆ, "ಇವತ್ತ ಆಗಂಗಿಲ್ಲ ತಮ್ಮಾ, ನಾಳಿ ಬಾ ಅಂತಾರ" ಅಂದರು. ಪರದೆಯಲ್ಲೂ ಹಾಗೇ ಆಯಿತು. ಒಂಬತ್ತು ಜನರೂ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಮಾರನೇ ದಿನ ಆ ಪೋಸ್ಟರ್ ಇರಲಿಲ್ಲ, ತೆಲುಗಿನದು ಬಂದಿತ್ತು.

ನೀವು ಬರಲಿಲ್ಲ ಅಂತ ದೂರುತ್ತಿಲ್ಲ. ಬಸ್ಸಿನ ಕಷ್ಟ ಹೇಳಿದ್ದೀರಿ, ನನಗೆ ಅರ್ಥ ಆಗಿದೆ. ಪೇಟೆಯಲ್ಲೇ ಇರುವ ನಮ್ಮಂಥವರಿಗೆ ಈ ಮಾತು. ನಮ್ಮ ಕಡೆಯ ಮಾತಾಡುವ ಸಿನಿಮಾ ಬಂದರೆ ಶುಕ್ರವಾರ, ಶನಿವಾರ, ಭಾನುವಾರದೊಳಗೆ ಹೋಗಿ. ಸೋಮವಾರದ ಲೆಕ್ಕ ನೋಡಿ ಪೋಸ್ಟರ್ ಇಳಿಸಿಬಿಡುತ್ತಾರೆ.

ಇನ್ನೊಂದು ವಿಷಯ ನಿಮಗೆ ಹೇಳಲೇಬೇಕು. ನಿಮ್ಮ ಪತ್ರವನ್ನು ಅಚ್ಚಿಗೆ ಸಿದ್ಧ ಮಾಡುವಾಗ ನಮ್ಮ ಮೇಜಿನ ಮೇಲೆ ಅದು ಬೇರೆ ರೂಪ ತಾಳಿತ್ತು. 'ಅದ' ಇದ್ದಲ್ಲಿ 'ಇದೆ', 'ಊರಾಗ' ಇದ್ದಲ್ಲಿ 'ಊರಿನಲ್ಲಿ'. ಇಷ್ಟು ವರ್ಷ ನಾವು ಎಲ್ಲ ಪತ್ರಗಳಿಗೂ ಹಾಗೇ ಮಾಡುತ್ತಾ ಬಂದಿದ್ದೇವೆ. ಸಿನಿಮಾದವರು ನಮ್ಮ ಮಾತು ಕೇಳುವುದಿಲ್ಲ ಅನ್ನುವ ಪತ್ರಕ್ಕೇ ಹೀಗೆ ಮಾಡಿದ್ದು ನೋಡಿ ನನಗೆ ಸಂಕಟ ಆಯಿತು. ಕೂತು ಒಂದೊಂದೇ ಶಬ್ದ ಮೊದಲಿನ ಹಾಗೇ ಮಾಡಿದೆ. ಇನ್ನು ಮುಂದೆ ಈ ಪುಟದಲ್ಲಿ ಓದುಗರ ಮಾತು ಬಂದ ಹಾಗೇ ಅಚ್ಚಾಗುತ್ತದೆ.

ಕೊನೆಗೆ ನಿಮ್ಮ ಅತ್ತೆಯವರ ಪ್ರಶ್ನೆ. ಹೊಸದೇನೂ ಹುಡುಕಬೇಡಿ, 'ಶಿವಮ್ಮ'ನನ್ನೇ ತೋರಿಸಿ. ಅವರು ಅದನ್ನು ನೋಡಿಲ್ಲ, ನೀವು ಹೊಲಿಯುತ್ತಾ ನೋಡಿದ್ದೀರಿ. ಈ ಸಲ ಮಷೀನ್ ಮುಚ್ಚಿಡಿ. ಮಗನಿಗೆ ಹೇಳಿ ಫೋನನ್ನು ಟಿವಿಗೆ ಹಾಕಿಸಿ. ರಾತ್ರಿ ಊಟ ಮುಗಿದು ಭಾಂಡೆ ತಿಕ್ಕಿದ ಮೇಲೆ ಶುರು ಮಾಡಿ, ಲೈಟ್ ಆರಿಸಿ, ನಡುವೆ ನಿಲ್ಲಿಸಬೇಡಿ. ಅತ್ತೆಯವರು ನೋಡುತ್ತಾ ಏನೇನು ಅಂದರು ಅನ್ನುವುದನ್ನು ನೆನಪಿಟ್ಟು ನನಗೆ ಬರೆದು ಕಳಿಸಿ. ಅವರು ಬೈದರೂ ಬರೆಯಿರಿ. ಪತ್ರ ಉದ್ದ ಆದರೆ ಪರವಾಗಿಲ್ಲ, ಜಾಗ ಇಟ್ಟಿರುತ್ತೇನೆ.

ನಿಮ್ಮ,
ಸಂಪಾದಕ
ಕಲಬುರಗಿ